ಸುಂಕದವನ ಮಗಳು

ಚೀಲ ಇನ್ನೂ ಒಡೆದಿಲ್ಲ.
ಡೇರಿಯ ಮೇಜಿನ ಮೇಲೆ, ಫ್ಯಾಟು ನೋಡುವ ಯಂತ್ರದ ಪಕ್ಕ,
ಗಾಜಿನಂಥ ಪ್ಲಾಸ್ಟಿಕ್ಕು; ಒಳಗೆ ರಸೀತಿ
ಮುಖ ತೋರಿಸಿಕೊಂಡು ಕೂತಿದೆ.
ಕೆಂಪಕ್ಷರ: ಊರು ಮುಟ್ಟುವ ತನಕ ತೆರೆಯಕೂಡದು.
"ಮುಟ್ಟಾಯ್ತಲ್ಲಕ್ಕ, ಮಂಡ್ಯ ಊರಲ್ವಾ?" ಅಂತಾಳೆ
ಕ್ಯಾನು ತೊಳೆಯುತ್ತ ಸಾಕಮ್ಮ.
ಕತ್ತರಿ ಹುಡುಕುವಷ್ಟರಲ್ಲಿ ಹೇಳಿಬಿಡುತ್ತೇನೆ.

ಹಾಲು ಒಕ್ಕೂಟ ಕಳಿಸಿದ್ದು ಡೆನ್ಮಾರ್ಕಿಗೆ, ಹಸು ನೋಡಲು.
ಹಸು ಹಸುವಿನ ಹಾಗೇ ಇದ್ದವು.
ಬರುವಾಗ ದುಬೈನಲ್ಲಿ ನಾಲ್ಕು ತಾಸು,
ಹಗಲೋ ರಾತ್ರಿಯೋ ಯಾರಿಗೂ ಗೊತ್ತಿಲ್ಲದ ಬೆಳಕು.
ಅಲ್ಲೊಂದು ಸಂತೆ, ನೊಣವಿಲ್ಲದ ಸಂತೆ,
ಕೊಸರು ಕೇಳಿದರೆ ಅರ್ಥವಾಗದ ಸಂತೆ.
"ಸುಂಕವಿಲ್ಲ, ಬೇಕಾದ್ದು ತಗೊಳ್ಳಿ" ಅಂದ ಪ್ರವಾಸದ ಹುಡುಗ.
"ನೀವೀಗ ಯಾವ ದೇಶದಲ್ಲೂ ಇಲ್ಲ ಮೇಡಂ.
ಅಲ್ಲಿಂದ ಮುದ್ರೆ ಒತ್ತಿ ಕಳಿಸಿದಾರೆ, ಇಲ್ಲಿ ಒಳಗೆ ಬಿಟ್ಟಿಲ್ಲ.
ದಾಟ್ತಾ ಇರೋರ ಹತ್ರ ಸುಂಕ ಕೇಳೋರು ಯಾರು?"

ನನಗೆ ನಗು ಬಂತು.
ಇದನ್ನ ನನಗೆ ಹೇಳುತ್ತೀಯೇನೋ ಮರಿ?
ಗುತ್ತಲು ರಸ್ತೆಯ ಗೇಟಿನಲ್ಲಿ, ಪುರಸಭೆಯ ಬಿದಿರಡ್ಡೆಯ ಪಕ್ಕ
ಹದಿನೆಂಟು ವರ್ಷ ಕೂತವನು ನಮ್ಮಪ್ಪ, ಸುಂಕದ ಜವರಪ್ಪ.
ಗೋಣಿಗೆ ಕಬ್ಬಿಣದ ಕಡ್ಡಿ ಚುಚ್ಚಿ, ತೆಗೆದು, ಮೂಸಿ
ಬೆಲ್ಲವೋ ಬತ್ತವೋ ಹೇಳುತ್ತಿದ್ದ.
ಊಟಕ್ಕೆ ಬಂದರೆ ಅವನ ಬೆರಳಲ್ಲಿ ಇಡೀ ತಾಲ್ಲೂಕಿನ ವಾಸನೆ.
ಕಾನೂನು ಇಷ್ಟೆ:
ಈ ಊರಲ್ಲಿ ಇಳಿಯುವ ಮಾಲಿಗೆ ಸುಂಕ,
ಊರು ಹಾದು ಹೋಗುವ ಗಾಡಿಗೆ ನೀಲಿ ಪಾಸು,
ಆಚೆ ಗೇಟಿನಲ್ಲಿ ಒಪ್ಪಿಸಿ ಹೋಗಬೇಕು.

ನಿಂಗಾಜಿ ಅಂತ ಒಬ್ಬಳು ಮುದುಕಿ,
ತಲೆ ಮೇಲೆ ಅಚ್ಚುಬೆಲ್ಲದ ಕುಕ್ಕೆ,
ದಿನಾ ಅದೇ ಮಾತು: "ನಾ ನಿಲ್ಲೋಳಲ್ಲ ಕನಪ್ಪ, ದಾಟಿ ಹೋಗೋಳು."
ಆಚೆ ಗೇಟು ಅವಳು ಯಾವತ್ತೂ ನೋಡಲಿಲ್ಲ,
ಪೇಟೆಬೀದಿ ಮೂಲೆಯಲ್ಲೇ ಮಾರಿ ಮುಗಿಸುತ್ತಿದ್ದಳು.
ಅಪ್ಪನಿಗೆ ಗೊತ್ತು. ಬರೆದು ಕೊಡುತ್ತಿದ್ದ.
ವಾಪಸು ಬಾರದ ಪಾಸುಗಳ ಲೆಕ್ಕ ಎದ್ದಾಗ
ಸಂಬಳದಲ್ಲಿ ಮೂರು ರೂಪಾಯಿ ಹಿಡಿದರು.
ಅವ್ವ ಬೈದಳು, ಎರಡು ದಿನ, ಒಲೆಯ ಕಡೆ ತಿರುಗಿಕೊಂಡು.

ದುಬೈನಲ್ಲಿ ನಾನೂ ಕಡ್ಡಿ ಚುಚ್ಚಿದೆ, ಕಣ್ಣಲ್ಲೇ.
ಮೈದುನ ಬರೆದುಕೊಟ್ಟ ಸೆಂಟು ಹುಡುಕಿ
ದಿರ್ಹಮ್ಮಿಗೆ ರೂಪಾಯಿ ಕಟ್ಟಿ ಅಂಗೈ ಮೇಲೆ ಗುಣಿಸಿದರೆ
ಮೈಸೂರಿನ ಅರಸು ರಸ್ತೆಯಲ್ಲಿ, ಸುಂಕ ಸೇರಿಸಿಯೂ, ಇದಕ್ಕಿಂತ ಅಗ್ಗ!
ಸುಂಕ ಎಲ್ಲಿಗೂ ಹೋಗಿಲ್ಲ;
ಅಂಗಡಿ ಬಾಡಿಗೆಯ ಅಂಗಿ ತೊಟ್ಟು
ನಗುನಗುತ್ತ ಬಿಲ್ಲು ಹಾಕುತ್ತಿದೆ.
ಸೆಂಟು ಬಿಟ್ಟೆ. ಒಂದು ಡಬ್ಬಿ ಚಾಕೊಲೇಟು ತಗೊಂಡೆ.
ಹುಡುಗಿ ಪಾಸ್‌ಪೋರ್ಟು ಕೇಳಿದಳು, ವಿಮಾನದ ಚೀಟಿ ಕೇಳಿದಳು;
ದಾಟುವವಳೇ ಅಂತ ಖಾತ್ರಿಯಾದ ಮೇಲೆ
ಚೀಲದ ಬಾಯಿ ಅಂಟಿಸಿದಳು.

ಬೆಂಗಳೂರಲ್ಲಿ ಇಳಿದರೆ ಎರಡು ದಾರಿ, ಹಸಿರೊಂದು, ಕೆಂಪೊಂದು.
ಹಸಿರಲ್ಲಿ ನಿಂತಿದ್ದ ಬಿಳಿ ಅಂಗಿಯ ಹುಡುಗ, ನಿದ್ದೆಗಣ್ಣು:
"ಹೇಳಿಕೊಳ್ಳೋದು ಏನಾದರೂ ಇದೆಯೇನಮ್ಮ?"

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ, ಅಂತ ಗಾದೆ.
ಆದರೂ ಹೇಳಿಕೊಳ್ಳುತ್ತಿದ್ದರು ಜನ ಅಪ್ಪನ ಹತ್ತಿರ,
ಗಾಡಿ ನಿಂತ ನೆವಕ್ಕೆ:
ಮಗಳ ಬಾಣಂತನ, ಎತ್ತಿನ ಕಾಲುಬಾಯಿ ಜ್ವರ,
ಅಣ್ಣ ಒತ್ತಿದ ಬದು.
ತಲೆ ಎತ್ತದೆ ಹೂಂ ಅನ್ನುತ್ತ ರಸೀತಿ ಬರೆಯುತ್ತಿದ್ದ;
ರಾತ್ರಿ ಮಾತ್ರ ನಮಗೆ ಒಂದೂ ಬಿಡದೆ ಒಪ್ಪಿಸುತ್ತಿದ್ದ.
ಅಷ್ಟೆಲ್ಲ ನನ್ನ ನಾಲಿಗೆ ತುದಿಗೂ ಬಂತು.
"ಏನಿಲ್ಲ ಕನಪ್ಪ," ಅಂದೆ. "ಚಾಕೊಲೇಟು."

ಕತ್ತರಿ ಸಿಕ್ಕಿತು.
ಹಾಲು ಹಾಕುವವರು ನಲವತ್ತೆರಡು ಜನ, ತುಂಡು ಇಪ್ಪತ್ನಾಲ್ಕು.
ಸಾಕಮ್ಮ ಅಡ್ಡಡ್ಡ ಕೊಯ್ಯುತ್ತಿದ್ದಾಳೆ,
ಅಂಚಿಗೆ ಉದುರಿದ ಪುಡಿ ಅವಳದು.
ಚೀಲ ಮಾತ್ರ ಬಿಸಾಡಬೇಡಿ ಅಂದಿದ್ದೇನೆ.
ಗಟ್ಟಿ ಚೀಲ. ಮಳೆಗಾಲಕ್ಕೆ
ರಸೀತಿ ಪುಸ್ತಕ ಇಡೋಕೆ ಆಗುತ್ತೆ.