ಮೂಲೆಯಿಲ್ಲದ ಮನೆಗೆ ತೇಪೆ

ಉಮ್ಮ್ ಅಲ್ ಕುವೈನಿನ ಹಿನ್ನೀರ ದಂಡೆ.
ನಾಲ್ಕು ಕಬ್ಬಿಣದ ಕಾಲೂರಿ ನಿಂತಿದೆ
ಮರ್ವಾಯಿ ಚಿಪ್ಪಿನಂಥ ಮನೆ, ಬಾಯಿ ಮುಚ್ಚಿಕೊಂಡು.
ಎಪ್ಪತ್ತೆರಡರಲ್ಲಿ ಹಡಗು ಹತ್ತಿ ಬಂತಂತೆ
ಹದಿನಾರು ಹೋಳಾಗಿ, ಬೋಲ್ಟುಗಳ ಡಬ್ಬಿ ಬೇರೆ.
ಚಂದ್ರನ ಮೇಲೆ ಮನುಷ್ಯ ನಡೆದುಬಂದ ಹೊಸತು.
ನಾಳೆ ಎಲ್ಲರೂ ಹೀಗೇ ಇರುತ್ತೇವೆ ಅಂದುಕೊಂಡಿದ್ದರು.

ಆ ನಾಳೆ ಬಿರುಕು ಬಿಟ್ಟಿದೆ.
ಅದಕ್ಕೇ ನನ್ನನ್ನು ಕರೆಸಿದ್ದು:
ಮಲ್ಪೆಯಲ್ಲಿ ದೋಣಿ, ಅಜ್ಮಾನಿನಲ್ಲಿ ನೀರಿನ ಟಾಂಕಿ,
ಫೈಬರ್ ಅಂದರೆ ವಾಮನ ಕುಂದರ್.
ಮನೆಯೊಡತಿ ಮೋಝಾ ನೆರಳಲ್ಲಿ ಕುರ್ಚಿ ಹಾಕಿಸಿ ಕೂತು
ಮಗನ ಬಾಯಿಂದ ಹೇಳಿಸಿದರು:
ಬಣ್ಣ ಬೇಡ. ಸೋರಬಾರದು, ಅಷ್ಟೆ.

ಒಳಗೆ ಪೊರಕೆ ಇತ್ತು,
ಒರಗಿಸಿಡಲು ಮೂಲೆ ಇರಲಿಲ್ಲ.
ಈಶಾನ್ಯ ಯಾವುದು, ಆಗ್ನೇಯ ಯಾವುದು?
ವಾಸ್ತು ನೋಡುವ ಭಟ್ಟರು ಬಂದರೆ
ಸುತ್ತಿ ಸುತ್ತಿ ದಿಕ್ಕೆಟ್ಟು ಕೂರಬೇಕು.
ಒಂದು ಲಾಭ, ಇಲ್ಲಿ
ಯಾರೂ ಮೂಲೆಗುಂಪಾಗುವ ಹಾಗಿಲ್ಲ.

ಗೋಡೆಗಂಟಿದ ಬೆಂಚಿನಡಿ ಬಿಸ್ಕತ್ತಿನ ಡಬ್ಬಿ,
ಡಬ್ಬಿಯಲ್ಲೊಂದು ಕ್ಯಾಸೆಟ್ಟು.
ಎರಡು ಚಳಿಗಾಲ ಇದ್ದನಂತೆ ಇಲ್ಲಿ ಬ್ರೆಜಿಲಿನವನೊಬ್ಬ,
ಊರ ಹುಡುಗರಿಗೆ ಫುಟ್ಬಾಲು ಕಲಿಸಲು ಬಂದವ.
ಹುಡುಗರು ಸೋತರು. ಅವನು ಹೋದ.
ನನ್ನ ಹೆಲ್ಪರ್ ಲಾಜರಸ್ ಕುವೆಲ್ಲೊ
ಪಿಕಪ್ಪಿನ ಹಳೆ ಡೆಕ್ಕಿಗೆ ತುರುಕಿ ಬಾಗಿಲು ತೆರೆದಿಟ್ಟ.

ಹೆಂಗಸಿನ ದನಿ. ಎತ್ತಿ ಹಾಡುವವಳಲ್ಲ,
ಪಕ್ಕದಲ್ಲೇ ಕೂಸು ಮಲಗಿದೆಯೇನೋ.
ಹಿಂದೆ ಯಾರೋ ಬೆಂಕಿಪೆಟ್ಟಿಗೆ ತಟ್ಟುತ್ತಿದ್ದಾರೆ,
ತಾಳ ಬೀಳಬೇಕಾದಲ್ಲಿ ಬೀಳದೆ
ಕೂದಲೆಳೆ ಮೊದಲು, ಇಲ್ಲವೆ ಆಮೇಲೆ.
ನಮ್ಮ ಭಜನಾ ಮಂದಿರದಲ್ಲಿ ಹೀಗೆ ತಟ್ಟಿದ್ದರೆ
ದೂಮಣ್ಣ ತಾಳ ಕಿತ್ತುಕೊಳ್ಳುತ್ತಿದ್ದ.

ಲಾಜರಸ್ ದಡಕ್ಕನೆ ಎದ್ದ: "ಜನೆಲ್ ಅಂದಳು!"
ಅವನ ಮನೆಮಾತಿನ ಕಿಟಕಿ.
ಆಮೇಲೆ ನನ್ನ ಕಿವಿಗೂ ಸಿಕ್ಕಿತು
ಶಾವಿ, ನಮ್ಮ ಚಾವಿಯೇ,
ಬಾಲ್ಜಿ ಅಂದರೆ ಬಾಲ್ದಿ, ಸಬಾಂವ್ ಅಂದರೆ ಸಾಬೂನು.
ಏಳು ಸಮುದ್ರದಾಚೆಯವಳ ಬಾಯಲ್ಲಿ
ನಮ್ಮ ಬಚ್ಚಲಿನ ಸಾಮಾನು!
ಒಂದೇ ಹಡಗಿನವರು ಎರಡೂ ದಂಡೆಗೆ ಇಳಿದು
ಉದುರಿಸಿಹೋದ ಚೂರುಪಾರು.
ನಿಮ್ಮ ಹಿತ್ತಲ ಗೇರುಮರವೂ ಅವಳೂರಿನದೇ ಎಂದ ಲಾಜರಸ್,
ಪಗಾರ ಎನ್ನುವುದೂ ಅವರದೇ ಮಾತಂತೆ.
ಕ್ಯಾಸೆಟ್ಟಿನ ಎರಡೂ ಬದಿ ಕೇಳಿದೆವು.
ಪಗಾರ ಮಾತ್ರ ಬರಲಿಲ್ಲ.

ಫೈಬರಿನ ಕಾಯಿಲೆ ಕಣ್ಣಿಗೆ ಕಾಣದು.
ಒಂದು ದಿರ್ಹಮ್ ನಾಣ್ಯ ಹಿಡಿದು ತಟ್ಟುತ್ತ ಹೋಗಬೇಕು.
ಗಟ್ಟಿಯಿದ್ದಲ್ಲಿ ಟಣ್,
ಪದರ ಬಿಟ್ಟಲ್ಲಿ ಟೊಪ್.
ಟಣ್ ಟಣ್ ಟೊಪ್, ಟಣ್
ನನಗೇ ಗೊತ್ತಿಲ್ಲದೆ ಕೈ ಬೆಂಕಿಪೆಟ್ಟಿಗೆಯ ಜೊತೆ ಸೇರಿತು.
ಅವಳು ಉಸಿರು ಹಿಡಿದಲ್ಲೇ ಮನೆ ಪೊಳ್ಳು.

ಹನ್ನೊಂದು ಪೊಳ್ಳು.
ಪೆನ್ಸಿಲಿನಲ್ಲಿ ಸುತ್ತು ಹಾಕಿ, ಕೊರೆದು, ಉಜ್ಜಿ,
ಮ್ಯಾಟು ಹಾಸಿ, ರೆಸಿನ್ನಿಗೆ ಹಾರ್ಡನರ್ ಹನಿಸಿ
ಓಡು, ಈ ಬಿಸಿಲಲ್ಲಿ ಹತ್ತು ನಿಮಿಷ ತಡೆಯದು,
ಡಬ್ಬಿಯಲ್ಲೇ ಕಲ್ಲಾಗುತ್ತದೆ.
ಕುತ್ತಿಗೆಗೆ ಮೆತ್ತಿದ ತೆಂಗಿನೆಣ್ಣೆ ದಾಟಿ ಗಾಜಿನ ತುರಿಕೆ.
ಸಂಜೆಗೆ ಹತ್ತು ತುಂಬಿದೆ.

ಕಿಟಕಿಯ ಕೆಳಗಿನ ಒಂದು, ಅಂಗೈಯಗಲ,
ನೀರು ಅಲ್ಲಿಗೆ ಬಾರದು.
ಹಾಗೇ ಬಿಟ್ಟೆ.
ಪುಸ್ತಕದಲ್ಲಿ ಹನ್ನೊಂದು ಎಂದೇ ಬರೆದ ಲಾಜರಸ್,
ತಲೆ ಎತ್ತದೆ.

ಮೋಝಾ ಒಂದೊಂದೇ ಮೆಟ್ಟಿಲು ಹತ್ತಿ ಬಂದರು.
ಬೆರಳ ಉಂಗುರದಿಂದ ಗೋಡೆ ಮುಟ್ಟುತ್ತ ಒಂದು ಸುತ್ತು,
ಕಿಟಕಿಯ ಬಳಿ ನಿಂತರು.
ಟೊಪ್.
ನನ್ನ ಮುಖ ನೋಡಿದರು. ಮತ್ತೊಮ್ಮೆ, ಮೆಲ್ಲಗೆ,
ಟೊಪ್.
ಏನೂ ಕೇಳಲಿಲ್ಲ.

ಪಿಕಪ್ ಹತ್ತಿದ ಮೇಲೆ ನೋಡಿದರೆ
ಮನೆಯ ಚಾವಿ ನನ್ನ ಕಿಸೆಯಲ್ಲೇ.
ಓಡಿಹೋಗಿ ಚಾಚಿ, ಬಾಯಿತಪ್ಪಿ, "ಶಾವಿ" ಎಂದೆ.
"ಮಿಫ್ತಾಹ್" ಎಂದು ತಿದ್ದಿದರು ಮೋಝಾ,
ನಾನು ಸರಿಯಾಗಿ ಹೇಳುವ ತನಕ
ಕೈ ಚಾಚಲಿಲ್ಲ.