ಬಂಗುಡೆ ಕಣ್ಣಿನ ಬಲೆ

ತೋಡೂರಿನ ಕಾಲೊನಿಯಿಂದ ಕಡಲು ಕಾಣುವುದಿಲ್ಲ.
ಉಪ್ಪುಗಾಳಿ ಮಾತ್ರ
ವಿಳಾಸ ವಿಚಾರಿಸಿಕೊಂಡು ಮಧ್ಯಾಹ್ನದ ಮೇಲೆ ಬರುತ್ತದೆ.
ಅಡುಗೆಮನೆಯ ಹಿಂದೆ ಜಂಬಿಟ್ಟಿಗೆ ನೆಲ,
ಎರಡು ಸಾಲು ಬೆಂಡೆ, ಒಂದು ಬಸಳೆ ಚಪ್ಪರ,
ಬಟ್ಟೆ ಒಗೆಯುವ ಕಲ್ಲಿನ ಬದಿಗೆ
ಏಳು ಮೆಣಸಿನ ಗಿಡ.

ಗಿಣಿಗೆಂದು ನಾನು ಹಳೆಯ ಬಲೆ ಕಟ್ಟಿದೆ.
ನಲವತ್ತು ವರ್ಷ ಬಲೆ ಹೊಲಿದ ಕೈ ಇದು,
ಗಂಟು ಮುಟ್ಟಿದರೆ ಯಾರು ಹಾಕಿದ್ದೆಂದು ಹೇಳೀತು.
ಗಿಣಿ ಬಂತು, ಕತ್ತು ಓರೆ ಮಾಡಿ ನೋಡಿತು,
ಆಚೆಮನೆಯ ಪೇರಲೆಗೆ ಹೋಯಿತು.
ನಾನು ಒಂದು ಬೀಡಿ ಹೆಚ್ಚು ಸೇದಿದೆ.

ಮೂರನೆಯ ಬೆಳಿಗ್ಗೆ
ಮೆಣಸಿನ ಎಲೆಗಳೆಲ್ಲ ಮುಷ್ಟಿ ಬಿಗಿದು ಕೂತಿದ್ದವು,
ಔಷಧಿ ಬೇಡವೆನ್ನುವ ಕೂಸಿನ ಹಾಗೆ.
ಬಿಡಿಸಿದರೆ ಅಡಿಯಲ್ಲಿ ಬಿಳಿ ನೊಣ.
ಗಿರಣಿಯ ಹಿಟ್ಟಿನಂತೆ ಎದ್ದವು,
ಮತ್ತೆ ಅಲ್ಲೇ ಕೂತವು.
ನನ್ನ ಬಲೆಯ ಕಣ್ಣು ಬಂಗುಡೆಯ ಅಳತೆಯದು.
ಅವಕ್ಕೆ ಅದು ಬಲೆಯೆಂದೇ ಗೊತ್ತಿಲ್ಲ.

ಸುಲಭಾ ಮೀನಿನ ಬುಟ್ಟಿ ಇಳಿಸಿ ನಕ್ಕಳು:
‘ತಾರ್ಲೆಗೊಂದು, ಸಿಗಡಿಗೊಂದು.
ನೊಣಕ್ಕೆ ಯಾವ ಬಲೆ ಹೊಲೀತೀರಿ ಈಗ?’

ಹರಿವೆ ಕಟ್ಟು ಕೊಟ್ಟು ಮೀನು ಒಯ್ಯುವ ಬುದ್ವಂತಿ
ಕೊರಳ ಮಣಿಸರ ಹಿಂದಕ್ಕೆ ಸರಿಸಿ
ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು.
‘ಮೇಲಿಂದ ನೋಡ್ತೆ ನೀನು.
ರೋಗ ಕೆಳಗೆ ಕೂತದೆ.
ಅಂಟುವಾಳ ನೆನೆಸು, ನೊರೆಗೆ ಬೇವಿನೆಣ್ಣೆ ಹಾಕು,
ಬಿಸಿಲು ಇಳಿದ ಮೇಲೆ ಹೊಡಿ,
ಎಲೆಯ ಅಡಿಗೆ ಹೊಡಿ.
ಮಾವಿನ ಮೇಲಿನ ಚಗಳಿ ಗೂಡು ಮುಟ್ಟಬೇಡ,
ಹುಳ ಹಿಡಿಯೋಕೆ ಸಂಬಳ ಕೇಳೂದಿಲ್ಲ ಅವು.
ಈ ಮೂರು ಗಿಡ
ಕಿತ್ತು ಸುಡು.’

ಸುಡು ಅಂದಳು.
ಅವ್ವ ಅರಗದ ಅಂಗಳ ಬಿಡುವ ದಿನ
ಪಾತ್ರೆ ಮರೆತಳು, ಕೊಡೆ ಮರೆತಳು,
ಸೆರಗಿನ ತುದಿಗೆ ಇದರ ಬೀಜ ಗಂಟು ಹಾಕಿ ತಂದಳು.
ಆ ಅಂಗಳ ಈಗ ಗೋಡೆಯ ಆಚೆ.
ನನ್ನ ಮುಖದಲ್ಲಿ ಬುದ್ವಂತಿ ಏನು ಓದಿದಳೋ,
‘ಬೀಜಕ್ಕೆ ಈ ರೋಗ ದಾಟೂದಿಲ್ಲ’ ಅಂದಳು ಮೆಲ್ಲಗೆ,
‘ಹಣ್ಣಾದ ನಾಲ್ಕು ಕಾಯಿ ತೆಗೆದಿಡು.’

ಸುಟ್ಟೆ.
ಘಾಟಿಗೆ ಮೂರು ಮನೆಯವರು ಕೆಮ್ಮಿದರು,
ಯಾರ ದೃಷ್ಟಿ ತೆಗೀತಿದ್ದೀರಿ ಎಂದು ಕೇಳಿದರು.
ಕಣ್ಣಲ್ಲಿ ನೀರು ಬರಲು
ಮೆಣಸೇ ಸಾಕಲ್ಲ, ಬೇರೆ ಕಾರಣ ಹೇಳಬೇಕಿಲ್ಲ.

ಆಮೇಲೆ ದಿನಾ ಸಂಜೆ
ಮಂಡಿ ಊರಿ, ಬೆನ್ನು ಮುರಿದು,
ಎಲೆ ಎಲೆಯ ಹೊಟ್ಟೆ ತೊಳೆದೆ.
ಕಡಿಮೆಯಾದವು. ಹೋಗಲಿಲ್ಲ.
ಒಂದು ದಿನ ಮೂಲೆಯಲ್ಲಿ ಬಿದ್ದಿದ್ದ ಬಲೆಯ ಬೆಂಡುಗಳ ಮೇಲೆ
ಸಾಲಾಗಿ ನೊಣ ಕೂತದ್ದು ಕಂಡೆ,
ಹಳದಿಯವುಗಳ ಮೇಲೆ ಮಾತ್ರ.
ಆರು ಹಳದಿ ಬೆಂಡು ತೊಳೆದು, ಹರಳೆಣ್ಣೆ ದಪ್ಪಗೆ ಬಳಿದು
ಗಿಡದೆತ್ತರಕ್ಕೆ ತೂಗು ಹಾಕಿದೆ.
ಬೆಳಗಾಗುವಾಗ ಬೆಂಡಿನ ತುಂಬ ಬೆಳ್ಳಗೆ!
ಕಣ್ಣೇ ಇಲ್ಲದ ಬಲೆ.

‘ಎಷ್ಟು ಬಿತ್ತು?’ ಸುಲಭಾ ಕೇಳಿದಳು,
ದೋಣಿ ದಡಕ್ಕೆ ಬಂದಾಗ ಕೇಳುವ ದನಿಯಲ್ಲೇ.
ಇನ್ನೂರ ಹನ್ನೊಂದರ ತನಕ ಎಣಿಸಿದೆ,
ಮುಂದೆ ಕನ್ನಡಕ ಬೆವರಿತು.

ನಾಲ್ಕು ಕಾಯಿ ಮೊರದಲ್ಲಿ ಒಣಗುತ್ತಿವೆ.
ಅಲುಗಿಸಿದರೆ ಒಳಗೆ ಸಣ್ಣ ಸದ್ದು.
ಬಸಳೆಯ ಕುಡಿಗೆ ಇವತ್ತು
ಕರಿ ಹೇನು ಬಂದಿದೆ.
ಅಂಟುವಾಳ ನೆನೆಸಿಟ್ಟು ಮಲಗಬೇಕು.