ಎಡಗಡೆಯ ಬ್ರೇಕು

ಫೋನು ಕೇಳುತ್ತದೆ: ಮೀಸಲು ಬೆಲೆ?
ಕೆಳಗೆ ಇರುವೆಯಂಥ ಅಕ್ಷರ:
ಈ ಅಂಕಿ ಯಾರಿಗೂ ಕಾಣುವುದಿಲ್ಲ,
ಇದಕ್ಕಿಂತ ಕಡಿಮೆಗೆ ನಿಮ್ಮ ಗಾಡಿ ಹೋಗುವುದಿಲ್ಲ.

ಚಿದ್ರಿ ರಸ್ತೆಯ ಖಲೀಲ್ ಮಿಸ್ತ್ರಿ ಬಾನೆಟ್ ಎತ್ತಿ
ಎಂಜಿನ್ನಿಗೆ ಕಿವಿ ಕೊಟ್ಟು, ಚಹಾ ಮುಗಿಸಿ ಹೇಳಿದ:
‘ಒಂದು ಇಪ್ಪತ್ತು, ಬಾಯಿ. ಕ್ಲಚ್ ನೋಡ್ರಿ,
ಅರ್ಧ ಬೀದರದ ಹೆಣ್ಮಕ್ಕಳು ಇದರ ಮ್ಯಾಲೇ ನಿಂತಾರ.’
ತಂಗಿಯ ಮಗ ಪ್ರಭುದಾಸ: ‘ಮೀಸಲೇ ಇಡಬ್ಯಾಡ ದೊಡ್ಡವ್ವ,
ಒಂದು ರೂಪಾಯಿಂದ ಬಿಡು, ಮಂದಿ ತಾವೇ ಜಗ್ಗಾಡ್ತಾರ.’
ಒಂದು ರೂಪಾಯಿ!
ನಿನ್ನೆ ಸ್ಟೆಪ್ನಿಯ ಗಾಳಿಗೇ ಹತ್ತು ಕೊಟ್ಟಿದ್ದೇನೆ.

ನಮ್ಮಪ್ಪ ದನದ ಸಂತೆಯಲ್ಲಿ
ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದ.
ಮುಖದ ಮೇಲೆ ಏನೂ ಇರುತ್ತಿರಲಿಲ್ಲ.
ನನಗೆ ಟವೆಲ್ಲಿಲ್ಲ. ಈ ಖಾಲಿ ಚೌಕ ಇದೆ.

ಫೋಟೋ ಹನ್ನೊಂದು ಹಾಕಿದ್ದೇನೆ.
ಟೈರಿನ ಗೀರು, ಸೀಟಿನ ಹೊಲಿಗೆ,
ಎಷ್ಟು ತೊಳೆದರೂ ಬಾಗಿಲ ಸಂದಿ ಬಿಡದ ಕೆಂಪು ಮಣ್ಣು.
ಎಡಗಡೆ ಕಾಲಿಡುವಲ್ಲಿನ ಎರಡನೇ ಬ್ರೇಕನ್ನು ಮಾತ್ರ ಹಾಕಿಲ್ಲ.
‘ತೆಗೆಸಿಬಿಡು,’ ಅಂದಿದ್ದ ಪ್ರಭು,
‘ಕಲಿಯೋರು ಬಡಿದಾಡಿದ ಗಾಡಿ ಅಂತ ಹೆದರ್ತಾರ.’

ಹದಿನಾಲ್ಕು ವರ್ಷ ನಾನು ಕೂತದ್ದು ಆ ಕಡೆ,
ಸ್ಟೇರಿಂಗ್ ಇಲ್ಲದ ಕಡೆ.
ಚೌಬಾರಕ್ಕೆ ಮೂರು ಸುತ್ತು ಹಾಕಿ
ಹೊರಬರುವ ದಾರಿ ಸಿಗದೆ ಅತ್ತಳು ನೀಲಗಂಗಾ.
ದವಾಖಾನೆಯ ರಾತ್ರಿ ಪಾಳಿಯಿಂದ ನೇರ ಬಂದು
ಸಿಗ್ನಲ್ಲಿನಲ್ಲಿ ನಿದ್ದೆ ಹೋದಳು ತಸ್ಲೀಮ್.
ಝರಣಾದ ಕಡೆಯ ಗುರ್ಮೀತ್ ಹಾರ್ನು ಒತ್ತಲು ನಾಚಿ
ಕಿಟಕಿ ಇಳಿಸಿ, ಎಮ್ಮೆಗೆ ‘ಸರೀರಿ’ ಅಂದಳು.

ಬ್ರೇಕು ಒತ್ತುವುದು ನನ್ನ ಕೆಲಸವಾಗಿರಲಿಲ್ಲ.
ಪಾದವನ್ನು ಪೆಡಲಿನ ಮೇಲೆ, ತಾಗದ ಹಾಗೆ,
ಗಾಳಿಯಲ್ಲಿ ಹಿಡಿದು ಕೂತು
ಮುಖದ ಮೇಲೆ ಏನೂ ಇಲ್ಲದೆ
‘ಹ್ಞೂ, ನಡೀಲಿ’ ಅನ್ನುವುದು ಕೆಲಸ.
ಈಗ ಮೊಣಕಾಲು ಹಾಗೆ ಗಾಳಿಯಲ್ಲಿ ನಿಲ್ಲುವುದಿಲ್ಲ.

ಬರೆದೆ: ಒಂದು ಲಕ್ಷ ಅರವತ್ತೆರಡು ಸಾವಿರ.
ಎರಡು ಸಾವಿರಕ್ಕೆ ಲೆಕ್ಕ ಉಂಟು:
ಆ ಪೆಡಲನ್ನು ಹೈದರಾಬಾದಿನಿಂದ ತರಿಸಿ ಹಾಕಿಸಿದ ಖರ್ಚು.
ಅರವತ್ತು ಎಲ್ಲಿಂದ ಬಂತು, ಕೇಳಬೇಡಿ.

ಭಾನುವಾರ ರಾತ್ರಿ ಒಂಬತ್ತಕ್ಕೆ ಲಿಲಾವು ಮುಗಿಯಬೇಕು.
ಕರೆಂಟು ಹೋಗಿತ್ತು. ಫೋನಿನ ಬೆಳಕಲ್ಲಿ ನಾನು, ಪ್ರಭು.
ತೊಂಬತ್ತು. ಒಂದು ಹತ್ತು. ಒಂದು ನಲವತ್ತು.
ಹೆಸರಿಲ್ಲದವರು, ಮುಖವಿಲ್ಲದವರು,
ಯಾವನೋ ಏಳನೇ ನಂಬರಿನವನು, ಯಾವಳೋ ಹನ್ನೆರಡು.
ಒಂದು ಐವತ್ತೆಂಟು ಐನೂರಕ್ಕೆ ನಿಂತಿತು,
ಮೂರನೇ ಗೇರಿಗೆ ಹೆದರಿ
ಎರಡರಲ್ಲೇ ಒದರುವ ಗಾಡಿಯ ಹಾಗೆ.

ಮೀಸಲು ಬೆಲೆ ತಲುಪಿಲ್ಲ. ಇಳಿಸುವಿರಾ? ಹತ್ತು ನಿಮಿಷ.
‘ಮೂರೂವರೆ ಸಾವಿರ ದೊಡ್ಡವ್ವ, ಬರೀ ಮೂರೂವರೆ.’
ನಾನು ಮೇಣದಬತ್ತಿ ಹುಡುಕಲು ಎದ್ದೆ.
ಮನೆಯಲ್ಲಿ ಮೇಣದಬತ್ತಿ ಇಲ್ಲವೆಂದು ನನಗೆ ಗೊತ್ತಿತ್ತು.

ಮಾರಾಟವಾಗಿಲ್ಲ, ಅಂದಿತು ಫೋನು.
ಎದೆ ಹಗುರಾಯಿತು. ನಾಚಿಕೆಯೂ ಆಯಿತು.
ಒಪ್ಪಿಕೊಳ್ಳುತ್ತೇನೆ: ಆ ಅಂಕಿ ಮಾರಲು ಬರೆದದ್ದಲ್ಲ.
ಅದು ಒತ್ತಿ ಹಿಡಿದ ಕಾಲು.
ಹಾಗೆ ಹಿಡಿದರೆ, ಪಕ್ಕದಲ್ಲಿ ಕೂತ ಹುಡುಗಿ
ಪಾಪ, ತನ್ನದೇ ತಪ್ಪೆಂದು ಬೆವರುತ್ತಾಳೆ.

ಸೋಮವಾರ ಬೆಳಿಗ್ಗೆ ಗಾಡಿಯೊಳಗೆ ಬಗ್ಗಿ
ಹನ್ನೆರಡನೇ ಫೋಟೋ ತೆಗೆದೆ:
ನುಣುಪಾದ ರಬ್ಬರು, ನನ್ನ ಚಪ್ಪಲಿಯ ಅಳತೆಗೆ ಸವೆದದ್ದು.
ಅದರಡಿ ಬರೆದೆ: ಡ್ರೈವಿಂಗ್ ಶಾಲೆಯ ಗಾಡಿ.
ಬ್ರೇಕು ಎರಡು. ಎರಡೂ ಹಿಡಿಯುತ್ತವೆ.

ಮತ್ತೆ ಅದೇ ಖಾಲಿ ಚೌಕ.
ಹೊಸ ಅಂಕಿ ತುಂಬಿದ್ದೇನೆ.
ಎಷ್ಟೆಂದು ಪ್ರಭುದಾಸನಿಗೂ ಹೇಳಿಲ್ಲ.
ಹ್ಞೂ, ನಡೀಲಿ.